ಮಿದುಳಿನ ಶಸ್ತ್ರಕ್ರಿಯೆಯೂ ಮನುಷ್ಯನ ನಡತೆಯೂ

ಕಣ್ಣಿಗೂ ಕಿವಿಗೂ ನಡುವಣ ಪ್ರದೇಶವನ್ನು ನಮ್ಮ ವೈದ್ಯಗ್ರಂಥಗಳು ಶಂಖವೆಂದು ಕರೆಯುತ್ತವೆ. ಸುಶ್ರುತನು ಅದನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಸೇರಿಸಿರುವನು. ಅಲ್ಲಿ ಕೈಯಿಟ್ಟ ಮೇಲೆ ಪ್ರಾಣವುಳಿದರೂ ಸ್ವಭಾವವುಳಿಯದೆ ಹೋಗಬಹುದೆಂಬುದು ಕಳೆದ ಶತಮಾನದಲ್ಲಿ ತಿಳಿದುಬಂದ ಸಂಗತಿ. ವಿಷಯವು ಸಂಕೋಚದ್ದು, ಆದರೆ ಇದರಿಂದ ಸಂಸಾರಗಳೇ ಒಡೆಯಬಹುದಾದುದರಿಂದ ಹೇಳದೆ ಬಿಡಲಾಗದು.

ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕ್ಲೂವರ್ ಎಂಬ ಮನಶ್ಶಾಸ್ತ್ರಜ್ಞರೂ ಬ್ಯೂಸಿ ಎಂಬ ಶಸ್ತ್ರವೈದ್ಯರೂ ಕೋತಿಗಳ ಮಿದುಳಿನಿಂದ ಶಂಖದೊಳಗಣ ಭಾಗವನ್ನು ಎರಡು ಪಾರ್ಶ್ವಗಳಲ್ಲಿಯೂ ತೆಗೆದು, 1937ರಲ್ಲಿಯೂ 1939ರಲ್ಲಿಯೂ ಫಲವನ್ನು ಪ್ರಕಟಿಸಿದರು. ಮೇಲೆ ಬೀಳುತ್ತಿದ್ದ ಕೋತಿಗಳು ಹಸುವಿನಂತೆ ಸಾಧುವಾದುವು. ಹಾವನ್ನು ಕಂಡು ಹೌಹಾರಬೇಕಾದ ಪ್ರಾಣಿ ಅದನ್ನೇ ಎತ್ತಿ ಬಾಯಿಗಿಟ್ಟು ನೋಡಿತು. ಕಣ್ಣಿಗೆ ವಸ್ತು ಕಾಣುವುದು, ಅದು ಇಂಥದೆಂಬ ಅರಿವು ಮೂಡದು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ನಿರ್ವಿಕಲ್ಪಕ ಜ್ಞಾನವುಂಟು, ಸವಿಕಲ್ಪಕವಿಲ್ಲ. ಕಾಮಚೇಷ್ಟೆಯಂತೂ ಮಿತಿಮೀರಿ, ಗಂಡು ಹೆಣ್ಣೆಂಬ ಭೇದವೂ ಉಳಿಯಲಿಲ್ಲ. ಕಂಡ ವಸ್ತುವಿಗೆ ಭಯವನ್ನೋ ಆಸೆಯನ್ನೋ ಜೋಡಿಸುವ, ಬಾದಾಮಿಯಾಕಾರದ ಅಮಿಗ್ಡಲವೆಂಬ ಅಂಗವು ಅಲ್ಲಿಯೇ ಇರುವುದು.

1955ರಲ್ಲಿ ಇಟಲಿಯ ಇಬ್ಬರು ವೈದ್ಯರು ಮನುಷ್ಯನಲ್ಲಿಯೂ ಇದನ್ನೇ ಕಂಡುದಾಗಿ ಬರೆದರು. ಅಪಸ್ಮಾರದಿಂದ ನರಳುತ್ತಿದ್ದ ಹತ್ತೊಂಬತ್ತು ವರ್ಷದ ಯುವಕನಿಗೆ ಎರಡು ಕಡೆಯೂ ಶಸ್ತ್ರಕ್ರಿಯೆಯಾದ ಮೇಲೆ ಮನೆಯವರಲ್ಲಿ ಮಮತೆ ಹೋಯಿತು, ಜ್ಞಾಪಕ ಕೆಟ್ಟಿತು, ಹಸಿವು ತಣಿಯದಾಯಿತು, ನಾಚಿಕೆಯೆಂಬುದು ಇಲ್ಲವಾಯಿತು.

ಹಾಗೆ ಎರಡು ಕಡೆ ತೆಗೆಯುವ ಪದ್ಧತಿ ಈಗಿಲ್ಲ. ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೆ ಒಂದೇ ಪಾರ್ಶ್ವದಲ್ಲಿ ಶಸ್ತ್ರಕ್ರಿಯೆ ಮಾಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಅದು ನಡೆಯುವುದುಂಟು. ಅನೇಕರಿಗೆ ಮೂರ್ಛೆ ನಿಂತುಹೋಗುವುದು. ಆದುದರಿಂದ ಇದನ್ನೋದಿ ಯಾರೂ ಚಿಕಿತ್ಸೆಗೆ ಹೆದರಬೇಕಾದುದಿಲ್ಲ. ರೋಗದ ದಿನಗಳಲ್ಲಿ ಕುಗ್ಗಿದ್ದ ಕಾಮವು ಚಿಕಿತ್ಸೆಯಾದ ಬಳಿಕ ಸಹಜಸ್ಥಿತಿಗೆ ಬರುವುದೂ ಉಂಟು. ಕೆಲವರಲ್ಲಿ ಮಾತ್ರ ಅದು ಮೇರೆ ಮೀರುವುದು. ಹಣೆಯ ಹಿಂದಣ ಭಾಗಕ್ಕೆ ಊನವಾದರೆ ಇನ್ನೊಂದು ಬಗೆ: ಸಭ್ಯನಾಗಿದ್ದವನು ಹತ್ತು ಜನರೆದುರು ಆಡಬಾರದುದನ್ನು ಆಡಿಬಿಡುವನು.

ಇಂಥಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಹಿರಿಯರು ಕೆಟ್ಟ ಚಾಳಿಯೆಂದು ಗದರುವರು, ಇಲ್ಲವೆ ಮದುವೆಯಾಗದ ಹುಡುಗನಾದರೆ ಮದುವೆ ಮಾಡಿಬಿಡುವರು. ಇದು ನನ್ನ ಮಟ್ಟಿಗೆ ಶುದ್ಧ ಅನ್ಯಾಯ. ಹೆಂಡತಿಯಾದವಳು ಯಾರೊಡನೆಯೂ ಹೇಳಲಾರದೆ ಒಳಗೇ ಬೇಯುವಳು. ವೈದ್ಯರು ಮೂರ್ಛೆ ಬಂದಿತೇ, ತಲೆನೋವುಂಟೇ ಎಂದು ಕೇಳಿ ಕಳುಹಿಸಿಬಿಡುವುದುಂಟು. ಅವರು ಕೇಳದಿದ್ದರೂ ನಾವೇ ಹೇಳಬೇಕು: ಮೊದಲು ನಡತೆ ಹೇಗಿತ್ತು, ಬದಲಾದುದು ಯಾವ ತಿಂಗಳಲ್ಲಿ, ಬಲವಂತವೇನಾದರೂ ನಡೆಯಿತೇ. ಇದಕ್ಕೆ ಔಷಧಗಳುಂಟು. ಗುಣವಾಗುವವರೆಗೆ ಮಕ್ಕಳನ್ನು ಅಂಥವರೊಡನೆ ಒಂಟಿಯಾಗಿ ಬಿಡಬಾರದು. ಶಸ್ತ್ರಕ್ರಿಯೆಯ ಒಪ್ಪಿಗೆಪತ್ರಕ್ಕೆ ರುಜು ಹಾಕುವ ಮುನ್ನವೇ ಗಂಡಹೆಂಡಿರಿಬ್ಬರೂ ಈ ಪ್ರಶ್ನೆಯನ್ನು ವೈದ್ಯರ ಮುಂದಿಡಲಿ. ಎಲ್ಲರೆದುರು ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಟ್ಟರೂ ಆದೀತು.