ಖಾಲಿ ಕಂಪ್ಯೂಟರ್ ಕೊಟ್ಟು ನೋಡಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ದೊಡ್ಡಪ್ಪನ ಮಗಳು ದೀಪಾವಳಿಗೆ ಊರಿಗೆ ಬಂದಾಗ ತನ್ನ ಹಳೆಯ ಮ್ಯಾಕ್‌ಬುಕ್ಕನ್ನು ನನಗೆ ಕೊಟ್ಟು ಹೋದಳು. ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದ ಮೊದಲ ಮ್ಯಾಕ್ ಅದೇ ಇರಬೇಕು. ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ಎರಡು ವರ್ಷ ಲ್ಯಾಬಿನಲ್ಲಿ ಸಿ, ಸಿ ಪ್ಲಸ್ ಪ್ಲಸ್ ಬರೆದು ಒಳ್ಳೆಯ ಅಂಕವನ್ನೂ ತೆಗೆದವನು. ಜಂಬದಿಂದ ಟರ್ಮಿನಲ್ ತೆರೆದು 'ಜಿಸಿಸಿ' ಎಂದು ಟೈಪ್ ಮಾಡಿದೆ. ಪ್ರೋಗ್ರಾಂ ಓಡಲಿಲ್ಲ. ಡೆವಲಪರ್ ಟೂಲ್ಸ್ ಇಲ್ಲ, ಇನ್‌ಸ್ಟಾಲ್ ಮಾಡಬೇಕೇ ಎಂದು ಅದೇ ನನ್ನನ್ನು ಕೇಳಿತು!

ಕಂಪೈಲರ್ ಎಂಬುದು ಕಂಪ್ಯೂಟರಿನ ಜೊತೆಗೇ ಹುಟ್ಟಿ ಬರುವುದಿಲ್ಲ, ಅದನ್ನು ಯಾರಾದರೂ ಹಾಕಿರಬೇಕು ಎಂಬುದು ನನಗೆ ಅನುಭವಕ್ಕೆ ಬಂದದ್ದು ಅವತ್ತೇ. ನಮ್ಮ ಲ್ಯಾಬಿನಲ್ಲಿ ಅದನ್ನು ಯಾರು ಹಾಕಿದ್ದರೋ, ನಾನು ಒಮ್ಮೆಯೂ ಕೇಳಿರಲಿಲ್ಲ.

ಗೆಳೆಯನೊಬ್ಬ 'ಆ್ಯಪ್ ಸ್ಟೋರ್‌ನಿಂದ ಎಕ್ಸ್‌ಕೋಡ್ ಹಾಕು' ಎಂದ. ಅದೋ ಹಲವಾರು ಜಿಬಿ. ನಮ್ಮದು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್. ಮಾಳಿಗೆ ಹತ್ತಿ ನನ್ನ ಫೋನು, ಅಪ್ಪನ ಫೋನು ಎರಡರ ಡೇಟಾ ಖಾಲಿ ಮಾಡಿದರೂ ಅರ್ಧ ದಾರಿ ಸಾಗಲಿಲ್ಲ. ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. 'ಪೂರಾ ಎಕ್ಸ್‌ಕೋಡ್ ಯಾಕ ಬೇಕೋ ನಿನಗ? ಐಫೋನ್ ಆ್ಯಪ್ ಮಾಡಾಂವ ಏನು? ಕಮಾಂಡ್ ಲೈನ್ ಟೂಲ್ಸ್ ಅಷ್ಟ ಹಾಕ್ಕೋ, ಸಾಕು' ಎಂದು ನಕ್ಕಳು.

ಟರ್ಮಿನಲ್‌ನಲ್ಲಿ 'ಎಕ್ಸ್‌ಕೋಡ್-ಸೆಲೆಕ್ಟ್' ಎಂಬ ಆದೇಶದ ಮುಂದೆ 'ಇನ್‌ಸ್ಟಾಲ್' ಎಂಬ ಆಯ್ಕೆ ಕೊಟ್ಟರೆ ಮುಗಿಯಿತು. ಕಂಪೈಲರ್, ಲಿಂಕರ್, ಮೇಕ್, ಗಿಟ್, ಹೆಡರ್ ಫೈಲುಗಳು ಎಲ್ಲವೂ ಬರುತ್ತವೆ. ಮ್ಯಾಕ್‌ನಲ್ಲಿ ಬೇರೆ ಪ್ಯಾಕೇಜುಗಳನ್ನು ತಂದುಕೊಡುವ ಹೋಮ್‌ಬ್ರೂಗೂ ಇವೇ ಆಧಾರ. ಪ್ಯಾಕೇಜು ಸಿದ್ಧರೂಪದಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಸೋರ್ಸ್ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಟ್ಟಬೇಕು. ಮ್ಯಾಕ್‌ಒಎಸ್ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ 'ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್' ಎಂಬ ದೋಷ ಬರುತ್ತದೆ. ಗಾಬರಿ ಬೇಡ, ಅದೇ ಆದೇಶವನ್ನು ಮತ್ತೊಮ್ಮೆ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಲ್ಲ ಮುಗಿಯಿತು ಎಂದುಕೊಂಡು ನನ್ನ ಹಳೆಯ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಓಡಿಸಿದರೆ ಮೊದಲ ಸಾಲಿನಲ್ಲೇ ದೋಷ. ನಾವೆಲ್ಲ ಕಣ್ಣು ಮುಚ್ಚಿ ಬರೆಯುವ 'ಬಿಟ್ಸ್' ಹೆಡರ್ ಸಿಗುತ್ತಿಲ್ಲ ಎಂದಿತು. ಹುಡುಕಿದಾಗ ತಿಳಿದದ್ದು ಇಷ್ಟು: ಮ್ಯಾಕ್‌ನಲ್ಲಿ 'ಜಿಸಿಸಿ' ಎಂದು ಟೈಪ್ ಮಾಡಿದರೂ ಓಡುವುದು ಆಪಲ್‌ನ ಕ್ಲ್ಯಾಂಗ್. ಆ ಹೆಡರ್ ಇರುವುದು ನಿಜವಾದ ಜಿಸಿಸಿ ಜೊತೆಗೆ ಬರುವ ಲೈಬ್ರರಿಯಲ್ಲಿ, ಅದು ಭಾಷೆಯ ಭಾಗವೇ ಅಲ್ಲ. ಎರಡು ವರ್ಷ ಆ ಸಾಲನ್ನು ಗಿಣಿಪಾಠ ಮಾಡಿದ್ದೆ. ಬೇಕಾದ ಹೆಡರುಗಳನ್ನು ಒಂದೊಂದಾಗಿ ಬರೆಯುವಾಗಲೇ ವೆಕ್ಟರ್ ಎಲ್ಲಿಂದ, ಸಾರ್ಟ್ ಎಲ್ಲಿಂದ ಬರುತ್ತದೆ ಎಂದು ಗೊತ್ತಾಯಿತು. ಅಂದಹಾಗೆ, ಕ್ಲ್ಯಾಂಗ್‌ನ ತಳಹದಿಯಾದ ಎಲ್‌ಎಲ್‌ವಿಎಂ ಶುರುವಾದದ್ದು 2000ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಶುರು ಮಾಡಿದವರು ಪ್ರಾಧ್ಯಾಪಕ ವಿಕ್ರಮ್ ಅಡ್ವೆ ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್. ಹೌದು, ಒಬ್ಬ ವಿದ್ಯಾರ್ಥಿ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಕಳೆದ ವರ್ಷ ಇಂಟರ್ನ್‌ಶಿಪ್ ಸಂದರ್ಶನವೊಂದರಲ್ಲಿ 'ಕಂಪೈಲ್ ದೋಷಕ್ಕೂ ಲಿಂಕ್ ದೋಷಕ್ಕೂ ಏನು ವ್ಯತ್ಯಾಸ?' ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಪುಸ್ತಕದಲ್ಲಿ ಉತ್ತರವಿತ್ತು, ನನ್ನ ಕೈಗೆ ಮಾತ್ರ ಅನುಭವ ಇರಲಿಲ್ಲ. ಆ ಅವಕಾಶ ತಪ್ಪಿತು. ಮನೆಯಲ್ಲಿ ಮೊದಲಿನಿಂದ ಕಂಪ್ಯೂಟರ್ ಇರುವ ನಗರದ ಹುಡುಗರು ಇಂಥದ್ದನ್ನು ಹೈಸ್ಕೂಲಿನಲ್ಲೇ ಕೆಡಿಸಿ, ಸರಿಮಾಡಿ ಕಲಿತಿರುತ್ತಾರೆ. ಲ್ಯಾಬ್ ಬಿಟ್ಟರೆ ಬೇರೆ ಕಂಪ್ಯೂಟರ್ ಕಾಣದ ಕಲಘಟಗಿ, ಕುಂದಗೋಳ, ಅಣ್ಣಿಗೇರಿ ಕಡೆಯ ಹುಡುಗ ಹುಡುಗಿಯರು ಎಲ್ಲಿ ಕಲಿಯಬೇಕು?

ಹಾಗಾಗಿ ನನ್ನ ವಿನಂತಿ ಇಷ್ಟೆ. ಮೊದಲ ಸೆಮಿಸ್ಟರ್‌ನ ಮೊದಲ ಲ್ಯಾಬ್ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಖಾಲಿ ಕಂಪ್ಯೂಟರ್ ಕೊಡಿ. ಕಂಪೈಲರನ್ನು ಅವರೇ ಹಾಕಲಿ. ಇದಕ್ಕೆ ಮ್ಯಾಕ್ ಬೇಕಿಲ್ಲ. ಉಬುಂಟು ಹಾಕಿದ ಹಳೆಯ ಕಂಪ್ಯೂಟರಿನಲ್ಲಿ 'ಬಿಲ್ಡ್-ಎಸೆನ್ಷಿಯಲ್' ಎಂಬ ಒಂದೇ ಪ್ಯಾಕೇಜು ಇದೇ ಕೆಲಸ ಮಾಡುತ್ತದೆ. ಸಿಲಬಸ್ ಮುಗಿಯುವುದಿಲ್ಲ, ಹುಡುಗರು ಸಿಸ್ಟಂ ಕೆಡಿಸುತ್ತಾರೆ ಎಂಬ ಮೇಷ್ಟ್ರುಗಳ ಆತಂಕ ಸುಳ್ಳಲ್ಲ. ಆದರೆ ವರ್ಚುವಲ್ ಮಷೀನ್‌ನಲ್ಲಿ ಮಾಡಿಸಿದರೆ ಕೆಟ್ಟದ್ದನ್ನು ಅಳಿಸಿ ಮತ್ತೆ ಶುರು ಮಾಡಬಹುದು. ಹೋಗುವುದು ಒಂದು ಮಧ್ಯಾಹ್ನ ಮಾತ್ರ.

ನಮ್ಮಪ್ಪ ಬಿತ್ತನೆಗೆ ಮುಂಚೆ ಕೂರಿಗೆಯನ್ನು ತಾನೇ ಬಿಚ್ಚಿ, ನೋಡಿ, ಹೊಂದಿಸಿಕೊಳ್ಳುತ್ತಾನೆ. ಯಾರಾದರೂ ಹೊಂದಿಸಿಕೊಟ್ಟರೆ ಮಾತ್ರ ಬಿತ್ತುತ್ತೇನೆ ಎಂದರೆ ಹದ ತಪ್ಪಿಹೋಗುತ್ತದೆ ಎಂದು ಅವನಿಗೆ ಗೊತ್ತು.

ನಾನು ಕಲಿತಷ್ಟನ್ನು ಕನ್ನಡದಲ್ಲಿ ಎರಡು ಪುಟ ಬರೆದು ಜೂನಿಯರ್‌ಗಳಿಗೆ ಕೊಟ್ಟಿದ್ದೇನೆ. ದೋಷಗಳ ಪಟ್ಟಿ ಬಂದಾಗ ಕೊನೆಯದನ್ನಲ್ಲ, ಮೊದಲನೆಯದನ್ನು ಓದಿ ಎಂಬುದೇ ಅದರ ಮೊದಲ ಸಾಲು. ನಿಮ್ಮ ಕಾಲೇಜಿನಲ್ಲೂ ಒಬ್ಬರು ಬರೆಯಿರಿ.