ಮೇಸ್ತ್ರಿಯ ಮೇಲೇ ದೂರಿದ್ದರೆ ಯಾರಿಗೆ ಹೇಳಬೇಕು?

ಚಿಕ್ಕಮಗಳೂರಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ,



ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ನರಸಿಂಹರಾಜಪುರ ತಾಲ್ಲೂಕಿನ ಕಡೆ ಸುಲಿತ ರಾತ್ರಿಯವರೆಗೂ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಎಷ್ಟು ಡಬ್ಬ ಸುಲಿದರೆಂದು ಬರೆದುಕೊಳ್ಳುವವನು ಒಬ್ಬ ಮೇಸ್ತ್ರಿ. ನಾಳೆ ಯಾರು ಬರಬೇಕು, ಯಾರು ಬೇಡ ಎಂದು ಹೇಳುವವನೂ ಅವನೇ. ಕತ್ತಲಾದ ಮೇಲೆ ಜೀಪಿನಲ್ಲಿ ಮನೆಗೆ ಬಿಡುವವನೂ ಎಷ್ಟೋ ಸಲ ಅವನೇ. ಮರ್ಯಾದಸ್ಥ ಮೇಸ್ತ್ರಿಗಳು ಬೇಕಾದಷ್ಟು ಜನ ಇದ್ದಾರೆ. ಹಾಗಿಲ್ಲದ ಒಬ್ಬನ ಮೇಲೆ ಬಾಯಿಬಿಟ್ಟವಳಿಗೆ ಮಾತ್ರ ಮಾರನೇ ದಿನ 'ಜನ ಸಾಕು' ಎಂಬ ಉತ್ತರ ಸಿಗುತ್ತದೆ. ಅವಳು ಸುಮ್ಮನಿರುವುದು ನಾಚಿಕೆಯಿಂದಲ್ಲ, ಕೂಲಿ ತಪ್ಪುವ ಭಯದಿಂದ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪೇಟೆಯ ಆಫೀಸುಗಳಿಗೆ ಮಾತ್ರ ಎಂದು ಇಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಅದರ ಬೇರು ಇರುವುದೇ ಹಳ್ಳಿಯಲ್ಲಿ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರವೇ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿಗೆ ಕಾರಣವಾಯಿತು. ಈ ಕಾಯ್ದೆಯ ಹಿಂದಿರುವುದು ಆ ತೀರ್ಪೇ. ಕಾಯ್ದೆ ಅಸಂಘಟಿತ ವಲಯವನ್ನೂ, ಮಾಲೀಕ ಕೊಡುವ ವಾಹನವನ್ನೂ ಕೆಲಸದ ಸ್ಥಳವೆಂದೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಉಸ್ತುವಾರಿ, ನಿಯಂತ್ರಣದ ಹೊಣೆ ಹೊತ್ತವರನ್ನೂ ಅದು 'ಮಾಲೀಕ' ಎಂದೇ ಕರೆಯುತ್ತದೆ. ಹಾಗಾಗಿ ಎಸ್ಟೇಟಿನ ಮ್ಯಾನೇಜರ್ 'ನನಗೆ ಗೊತ್ತಿರಲಿಲ್ಲ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಮೇಸ್ತ್ರಿಯೋ, ಲೆಕ್ಕದ ರೈಟರೋ ಆಡಿದ ಹೊಲಸು ಮಾತನ್ನು ಮೊದಲ ದಿನವೇ ತಡೆಯಬೇಕಾದವರು ಅವರು.

ಹತ್ತಕ್ಕಿಂತ ಕಡಿಮೆ ಜನ ದುಡಿಯುವಲ್ಲಿ, ಅಥವಾ ದೂರು ಮಾಲೀಕನ ಮೇಲೇ ಇದ್ದಾಗ, ವಿಚಾರಣೆ ಜಿಲ್ಲೆಯ ಸ್ಥಳೀಯ ದೂರು ಸಮಿತಿಯದು. ಈ ಕಾಯ್ದೆಯಡಿ ನಮ್ಮ ಸಣ್ಣ ತೋಟಗಳ ಹೆಂಗಸರಿಗೆ ಇರುವ ಬಾಗಿಲು ಅದೊಂದೇ. ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಒತ್ತಿ ಹೇಳಿದೆ. ದೂರು ಕೊಡಲು ಗಡುವು ಮೂರು ತಿಂಗಳು. ಸಕಾರಣವಿದ್ದರೆ ಇನ್ನು ಮೂರು ತಿಂಗಳು ಸಿಗುತ್ತದೆ, ಆದರೆ ಅದು ಗೊತ್ತಿರಬೇಕಲ್ಲ. ಯಾರಿಗೆ ಹೇಳುವುದೆಂದು ವಿಚಾರಿಸುವುದರೊಳಗೆ ಸುಲಿತದ ಹಂಗಾಮೇ ಮುಗಿದಿರುತ್ತದೆ.

ಆದ್ದರಿಂದ ಆ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರು ಗ್ರಾಮ ಪಂಚಾಯಿತಿ, ಅಂಗನವಾಡಿ, ರೇಷನ್ ಅಂಗಡಿಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರಲಿ. ಓದುಬರಹ ಬಾರದವಳ ದೂರನ್ನು ಬರೆದುಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದನ್ನೂ ಅಲ್ಲೇ ಬರೆಸಿ. ಕೊಯ್ಲಿಗೆ ಮೊದಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮ್ಯಾನೇಜರ್, ರೈಟರ್, ಮೇಸ್ತ್ರಿಗಳನ್ನು ಕರೆಸಿ, ಅವರ ಹೊಣೆ ಏನೆಂದು ಎದುರಿಗೇ ಹೇಳಿ. ಡಬ್ಬದ ಲೆಕ್ಕ ಬರೆಯುವ ಕೆಲಸ ಒಬ್ಬ ಹೆಂಗಸಿಗೂ ಸಿಗುವಂತೆ ತೋಟದವರಿಗೆ ಒತ್ತಾಯ ಮಾಡಿ.

ಇತಿ,
ಕಡಹಿನಬೈಲಿನ ಒಬ್ಬ ನಿವಾಸಿ