ಸಿಟ್ಟು ತೀರ್ಪು ಬರೆಯದಿರಲಿ
“ನ್ಯಾಟೋ ಪೂರ್ವಕ್ಕೆ ವಿಸ್ತರಿಸಿದ್ದರಿಂದಲೇ ಉಕ್ರೇನ್ ಯುದ್ಧ, ರಷ್ಯಾ ಇನ್ನೇನು ಮಾಡಬೇಕಿತ್ತು?” ಇರಾಕಿನ ವಿನಾಶ ಕಂಡು ಅಮೆರಿಕದ ಮೇಲೆ ಕ್ರುದ್ಧರಾದ ನಮ್ಮವರಲ್ಲಿ ಅನೇಕರ ವಾದವಿದು. ಸಿಟ್ಟು ನ್ಯಾಯವಾದುದೇ. ಆದರೆ ಸಿಟ್ಟು ತೀರ್ಪು ಬರೆಯಬಾರದು.

ನ್ಯಾಟೋ ನಿರ್ದೋಷಿಯಲ್ಲ. ಕೂಟವು ಪೂರ್ವಕ್ಕೆ ಒಂದಂಗುಲವೂ ಸರಿಯದೆಂದು 1990ರಲ್ಲಿ ಅಮೆರಿಕದ ಜೇಮ್ಸ್ ಬೇಕರ್ ಗೋರ್ಬಚೆವ್‌ರೊಡನೆ ಆಡಿದ ಮಾತು ಕಾಗದಕ್ಕಿಳಿಯಲಿಲ್ಲ. 1999ರಲ್ಲಿ ಪೋಲೆಂಡ್, ಹಂಗೇರಿ, ಝೆಕ್ ದೇಶಗಳು ಸೇರಿದವು. 2008ರಲ್ಲಿ ಬುಖಾರೆಸ್ಟ್‌ನಲ್ಲಿ ಉಕ್ರೇನಿಗೆ ಸದಸ್ಯತ್ವದ ಆಸೆ ಹುಟ್ಟಿಸಿದರು. ದಿನಾಂಕವನ್ನೂ ಕೊಡಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ.

ಆದರೆ ಕಾಗದಕ್ಕಿಳಿದ ಮಾತೂ ಒಂದಿದೆ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ಅಣ್ವಸ್ತ್ರಗಳನ್ನು ತ್ಯಜಿಸಲೊಪ್ಪಿತು. ಅದರ ಗಡಿಗಳನ್ನು ಗೌರವಿಸುವೆನೆಂದು ರಷ್ಯಾ ಸಹಿ ಹಾಕಿತು. 2014ರಲ್ಲಿ ಅದೇ ರಷ್ಯಾ ಕ್ರಿಮಿಯಾವನ್ನು ಕಬಳಿಸಿತು. ಆಡಿ ತಪ್ಪಿದವರನ್ನು ಖಂಡಿಸುವ ನಾವು, ಸಹಿ ಹಾಕಿ ತಪ್ಪಿದವರನ್ನು ಮನ್ನಿಸುವುದೆಂತು?

ಬಾಲ್ಟಿಕ್ ದೇಶಗಳನ್ನು ನ್ಯಾಟೋಗೆ ಯಾರೂ ಎಳೆದೊಯ್ಯಲಿಲ್ಲ; ಮಾಸ್ಕೋದ ಆಳ್ವಿಕೆಯನ್ನು ಅನುಭವಿಸಿದವರು ತಾವೇ ಬಾಗಿಲು ತಟ್ಟಿದರು. ಆ ಆಳ್ವಿಕೆಯ ಪರಿಚಯ ನಮಗೂ ಇರಬೇಕಿತ್ತು. 1944ರಲ್ಲಿ ಕ್ರಿಮಿಯಾದ ತಾತಾರ ಮುಸ್ಲಿಮರನ್ನು ಇಡಿಯಾಗಿ ಗಡೀಪಾರು ಮಾಡಿದ್ದು ಮಾಸ್ಕೋ. ಚೆಚೆನ್ನರ ಗ್ರೋಜ್ನಿಯನ್ನು ನೆಲಸಮಗೊಳಿಸಿದ್ದೂ ಮಾಸ್ಕೋ. 2016ರಲ್ಲಿ ತಾತಾರರ ಮಜ್ಲಿಸನ್ನು ನಿಷೇಧಿಸಿದ್ದೂ ಅದೇ.

ಬಗ್ದಾದಿಗೊಂದು ತಕ್ಕಡಿ, ಗ್ರೋಜ್ನಿಗೊಂದು ತಕ್ಕಡಿ ಹಿಡಿದವರ ಬಾಯಲ್ಲಿ ನ್ಯಾಯದ ಮಾತು ಶೋಭಿಸದು.